ಟಿಕೆಟ್ಟಿಲ್ಲದ ಟಗರು

ಯಗಟಿಯ ಶಂಕರಮ್ಮನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹಾಡುಗಾರ್ತಿಯಾಗಬೇಕೆಂಬ ಹಟ ಹುಟ್ಟಿದ್ದು ಊಟದ ಪಂಕ್ತಿಯಲ್ಲಿ. ದೇವನೂರಿನಲ್ಲಿ ಅವಳ ಅಕ್ಕ ತೀರ್ಥಮ್ಮನ ಮೈದುನನ ಮನೆಯ ಗೃಹಪ್ರವೇಶ. ಕಾಯಿಹೋಳಿಗೆ ಬಡಿಸುತ್ತ ಬಂದ ಹೆಂಗಸೊಬ್ಬಳು ಶಂಕರಮ್ಮನ ಮುಖ ನೋಡಿ, "ನೀವು ಕ್ಯಾಸೆಟ್ ತೀರ್ಥಮ್ಮೋರ ತಂಗಿ ಅಲ್ವಾ? ನೀವೂ ಹಾಡ್ತೀರಾ?" ಎಂದು ಕೇಳಿದಳು. ಶಂಕರಮ್ಮ ಬಾಯಿ ತೆರೆಯುವ ಮೊದಲೇ, ಪಕ್ಕದ ಎಲೆಯ ಮುಂದೆ ಕೂತಿದ್ದ ತೀರ್ಥಮ್ಮ, "ಇವ್ಳಾ? ಇವ್ಳು ಕುರಿ ಕೂಗ್ತಾಳೆ" ಎಂದುಬಿಟ್ಟಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಕ್ಯಾಸೆಟ್ ತೀರ್ಥಮ್ಮ ಎಂಬ ಹೆಸರು ಬಂದು ಮೂವತ್ತು ವರ್ಷವಾಗಿತ್ತು. ಕಡೂರಿನ ಅಂಗಡಿಯವನೊಬ್ಬ ಆ ಕಾಲದಲ್ಲಿ ಅವಳಿಂದ ಎಂಟು ಸೋಬಾನೆ ಪದ ಹಾಡಿಸಿ, ಮೇಲೆ ಅವಳ ಫೋಟೊ ಹಾಕಿ ಕ್ಯಾಸೆಟ್ ಹೊರಡಿಸಿದ್ದ. ಕನಕಾಂಬರ ಮುಡಿದ ಆ ಫೋಟೊವನ್ನು ದೊಡ್ಡದು ಮಾಡಿಸಿ ತೀರ್ಥಮ್ಮ ನಡುಮನೆಯಲ್ಲಿ ತೂಗುಹಾಕಿಕೊಂಡಿದ್ದಳು. ಮದುವೆಯಿರಲಿ, ನಾಮಕರಣವಿರಲಿ, ಅವಳಿದ್ದಲ್ಲಿ ಮಾತು ಹೇಗೋ ಸುತ್ತಿಕೊಂಡು ಬಂದು ಕ್ಯಾಸೆಟ್ಟಿನ ಹತ್ತಿರ ನಿಲ್ಲುತ್ತಿತ್ತು.

ಶಂಕರಮ್ಮ ಪಂಕ್ತಿಯಿಂದ ಎದ್ದವಳೇ ಊರಿನ ಬಸ್ ಹತ್ತಿದಳು. ಮನೆಗೆ ಬಂದವಳೇ ಸೊಸೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಅನೂ, ಈಗ್ಲೂ ಕ್ಯಾಸೆಟ್ ಮಾಡ್ತಾರೇನೇ?"

"ಈಗ ಕ್ಯಾಸೆಟ್ ಎಲ್ಲೈತೆ ಅತ್ತೆ? ಎಲ್ಲಾ ಫೋನಲ್ಲೇ."

"ಹಂಗಾರೆ ನನ್ನ ಫೋನಿಗೆ ಹಾಕು."

ಸೊಸೆ ಅನುಷಾ ಅಜ್ಜಂಪುರದ ಹುಡುಗಿ. ತರೀಕೆರೆ ಕಾಲೇಜಿನಲ್ಲಿ ಬಿ.ಕಾಂ. ಓದಿ, ಮದುವೆಯಾಗಿ ಬಂದ ಮೇಲೆ ಯಗಟಿಯ ಬಸ್ ಸ್ಟ್ಯಾಂಡ್ ಹತ್ತಿರ ಚಿಕ್ಕದೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ತಿದ್ದುಪಡಿ, ವೃದ್ಧಾಪ್ಯ ವೇತನ, ಊರಿನ ಎಲ್ಲ ಅರ್ಜಿಗಳೂ ಅವಳ ಬೆರಳಿನಿಂದಲೇ ಹೋಗಬೇಕು. ಐದು ವರ್ಷದಲ್ಲಿ ಅವಳು ತುಂಬಿದ ಒಂದೇ ಒಂದು ಅರ್ಜಿಯೂ ತಪ್ಪಾಗಿ ವಾಪಸ್ ಬಂದಿರಲಿಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಅತ್ತೆಯ ಮಾತನ್ನು ಅವಳು ತಮಾಷೆಯೆಂದು ಬಿಡಲಿಲ್ಲ. ಮಾರನೆಯ ದಿನ ಅಂಗಡಿಯಲ್ಲಿ ಕೂತು ಹುಡುಕಿದಾಗ ವಿಷಯ ತಿಳಿಯಿತು. ದೊಡ್ಡ ಕಂಪನಿಗಳ ಬೆಂಬಲವಿಲ್ಲದೆ ತಾವೇ ಹಾಡು ಮಾಡಿಕೊಂಡವರಿಗಾಗಿಯೇ ಕೆಲವು ವೆಬ್‌ಸೈಟುಗಳಿವೆ. ಹಾಡು, ಒಂದು ಚಿತ್ರ, ವಿವರ ಕೊಟ್ಟರೆ ಸಾಕು, ಜನ ಹಾಡು ಕೇಳುವ ಎಲ್ಲ ಆ್ಯಪುಗಳಿಗೂ ಅವರೇ ಒಟ್ಟಿಗೆ ಕಳಿಸಿಕೊಡುತ್ತಾರೆ. ಅಂಥವುಗಳಲ್ಲಿ 'ಸಾಂಗ್‌ಬಂಡಿ' ಎಂಬುದು ಅವಳಿಗೆ ಹಿಡಿಸಿತು, ಅದರ ಅರ್ಜಿ ಎರಡೇ ಪುಟದ್ದು.

"ಒಂದ್ಸಲ ಹಾಕಿದ್ರೆ ನೂರೈವತ್ತು ದೇಶದಲ್ಲಿ ಕೇಳ್ಬೋದಂತೆ ಅತ್ತೆ."

"ದೇವನೂರಲ್ಲಿ ಕೇಳ್ಸುತ್ತಾ?"

"ಕೇಳ್ಸುತ್ತೆ."

"ಅಷ್ಟು ಸಾಕು."

ಯಾವ ಹಾಡು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಸೋಬಾನೆ ಅಕ್ಕನ ಸ್ವತ್ತು. ಶಂಕರಮ್ಮನ ಹತ್ತಿರ ಅವಳೇ ಕಟ್ಟಿದ ಒಂದು ಹಾಡಿತ್ತು, ಅದೂ ನಡೆದ ಕತೆ. ಅವಳ ಮಗ ಹಾಲೇಶ್ ಕಡೂರು–ಯಗಟಿ ಪ್ರೈವೇಟ್ ಬಸ್ಸಿನ ಡ್ರೈವರು. ಹಿಂದಿನ ವರ್ಷ ಅವನು ಟೀ ಕುಡಿಯಲು ಇಳಿದಾಗ ಮನೆಯ ಟಗರು ಕೆಂಚ ಹಿಂಬಾಗಿಲಿನಿಂದ ಬಸ್ ಹತ್ತಿ, ಕೊನೆಯ ಸೀಟಿನ ಮೇಲೆ ಮುಂಗಾಲಿಟ್ಟು, ಕಿಟಕಿಯಿಂದ ಮೂತಿ ಹೊರಹಾಕಿ ನಿಂತಿತ್ತು. ಕಂಡಕ್ಟರ್ ನೋಡುವಷ್ಟರಲ್ಲಿ ಬಸ್ಸು ಊರು ದಾಟಿ ಮೂರು ಮೈಲಿ ಹೋಗಿತ್ತು. ಇಳಿಸಲು ಹೋದರೆ ಟಿಕೆಟ್ ಮಿಷಿನ್ನಿನ ಕಾಗದದ ಸುರುಳಿಯನ್ನೇ ಎಳೆದುಕೊಂಡು ತಿಂದಿತು. ಆ ವಾರವೇ ಶಂಕರಮ್ಮ ರೊಟ್ಟಿ ತಟ್ಟುತ್ತ ತಟ್ಟುತ್ತ ಹಾಡು ಕಟ್ಟಿದ್ದಳು:

ಹತ್ತಿತು ನೋಡವ್ವ, ಬಸ್ಸು ಹತ್ತಿತು ಟಗರು
ಕಿಟಕಿ ಮಗ್ಗುಲ ಸೀಟು ಹಿಡಿದೀತು ಟಗರು
ಎಲ್ಲಿಗೆ ಅಂದರೆ ಬ್ಯಾ ಅಂದೀತು
ಕೊಟ್ಟ ಚೀಟಿಯನೆಲ್ಲ ಕಚಕಚ ತಿಂದೀತು

ತರೀಕೆರೆಯಲ್ಲಿ ರುದ್ರಮೂರ್ತಿ ಎಂಬುವನು ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಹಳೆಯ ಕೌದಿ ಹೊಡೆದು ರೆಕಾರ್ಡಿಂಗ್ ರೂಮ್ ಮಾಡಿಕೊಂಡಿದ್ದ. ಅನುಷಾ ಕಾಲೇಜಿನಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಮೈಕ್ ಹಾಕುತ್ತಿದ್ದವನೂ ಅವನೇ. ಅತ್ತೆ ಸೊಸೆ ಇಬ್ಬರೂ ಒಂದು ಬುಧವಾರ ಬೆಳಿಗ್ಗೆ ಹೊರಟು ಅವನ ಬಾಗಿಲಲ್ಲಿ ನಿಂತರು.

"ಅಮ್ಮಾ, ಹೆಡ್‌ಫೋನ್ ಹಾಕ್ಕಂಡು ಶುರು ಮಾಡಿ" ಎಂದ ರುದ್ರಮೂರ್ತಿ.

"ಮೊದ್ಲು ಕೂಗ್ಬೇಕು ಕಣಪ್ಪಾ. ಕೂಗ್ದಿದ್ರೆ ನಂಗೆ ಹಾಡು ಬರಾಕಿಲ್ಲ."

"ಕೂಗಿ, ಅದ್ಕೇನಂತೆ."

ಶಂಕರಮ್ಮ ಸೆರಗು ಸಿಕ್ಕಿಸಿಕೊಂಡು, ಅಂಗೈಯನ್ನು ಬಾಯಿಯ ಪಕ್ಕ ಇಟ್ಟು, ಗುಡ್ಡದಾಚೆ ಮೇಯುವ ಕುರಿಯನ್ನು ಕರೆಯುವ ಹಾಗೆ ಕೂಗಿದಳು: "ಹುರ್ರ್ರ್ಯಾ… ಬ್ಯೋ… ಬ್ಯೋ… ಬ್ಯೋಓಓ!"

ಕಂಪ್ಯೂಟರಿನ ಪರದೆಯ ಮೇಲಿನ ಪಟ್ಟಿಗಳೆಲ್ಲ ಕೆಂಪಗಾದವು. ರುದ್ರಮೂರ್ತಿ ಕಿವಿಯಿಂದ ಹೆಡ್‌ಫೋನ್ ಕಿತ್ತೆಸೆದ. ಮೈಕನ್ನು ಎರಡು ಅಡಿ ದೂರ ಇಟ್ಟ. ಮತ್ತೆ ಕೆಂಪು. ಬಾಗಿಲ ಹತ್ತಿರ ಇಟ್ಟ. ಮತ್ತೂ ಕೆಂಪು. ಕೊನೆಗೆ ಮೈಕು ಕೋಣೆಯಿಂದಲೇ ಹೊರಬಿದ್ದು, ಮಡಿಸಿಟ್ಟ ಶಾಮಿಯಾನ ಬಟ್ಟೆಯ ರಾಶಿಯ ಮೇಲೆ ಕೂತಿತು. ಶಂಕರಮ್ಮ ಒಳಗೆ, ಮೈಕು ಹೊರಗೆ. "ಈಗ ಸರಿಯಾಯ್ತು, ಕೂಗಿ" ಎಂದು ರುದ್ರಮೂರ್ತಿ ಬೆವರು ಒರೆಸಿಕೊಂಡ.

ಆಗ ತರೀಕೆರೆಯ ಆ ರಸ್ತೆಯಲ್ಲಿ ಯಾರದೋ ಕುರಿಮಂದೆ ಹೋಗುತ್ತಿತ್ತು. ಶಂಕರಮ್ಮನ ಕೂಗು ಕೇಳಿದ್ದೇ ತಡ, ಮುಂದಿನ ಕುರಿ ಗಕ್ಕನೆ ನಿಂತು, ತಿರುಗಿ, ನೆಟ್ಟಗೆ ಅಂಗಡಿಯೊಳಗೆ ನುಗ್ಗಿತು. ಅದರ ಹಿಂದೆ ಉಳಿದವು. ಕುರ್ಚಿ, ಬಲ್ಬಿನ ಸರ, ಪ್ಲಾಸ್ಟಿಕ್ ಹೂವಿನ ಕಮಾನು, ಎಲ್ಲದರ ನಡುವೆ ಕುರಿಗಳು ತುಂಬಿಕೊಂಡು ಮೈಕಿನ ಸುತ್ತ ನಿಂತು ಬ್ಯಾ ಎಂದು ಉತ್ತರ ಕೊಡತೊಡಗಿದವು. ಒಳಗಿದ್ದ ಶಂಕರಮ್ಮನಿಗೆ ಹುಮ್ಮಸ್ಸು ಬಂದು ಅದೇ ಉಸಿರಿನಲ್ಲಿ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ ಮುಗಿಸಿದಳು. ಕುರಿ ಕಾಯುವವನು ಕೋಲು ಹಿಡಿದು ಓಡಿಬರುವ ಹೊತ್ತಿಗೆ ರೆಕಾರ್ಡಿಂಗ್ ಆಗಿಹೋಗಿತ್ತು.

"ಇನ್ನೊಂದ್ಸಲ ತಗಳಣ" ಎಂದಳು ಅನುಷಾ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು.

"ಸಾವ್ರ ಕೊಟ್ರೂ ಇಂಥ ಕೋರಸ್ ಸಿಗಲ್ಲ ಕಣಮ್ಮಾ!" ಎಂದ ರುದ್ರಮೂರ್ತಿ. ಕುರಿಗಳ ದನಿಯನ್ನು ಹಾಗೇ ಇಟ್ಟು, ಕೆಳಗೆ ತಮಟೆ, ಹಾರ್ಮೋನಿಯಂ ಸೇರಿಸಿ, ಎರಡೇ ದಿನದಲ್ಲಿ ಹಾಡನ್ನು ಕಳಿಸಿಕೊಟ್ಟ. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟ: ಶಂಕರಮ್ಮ ಅನ್ನುವ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ, ಬ್ಯಾಂಡಿನ ಥರ ಚಿಕ್ಕದಾಗಿ ಒಂದು ಹೆಸರಿಡಿ.

ಅತ್ತೆ ಸೊಸೆ ಯೋಚಿಸಿ 'ಹಟ್ಟಿ' ಎಂದು ಇಟ್ಟರು. ಕುರಿಗಳಿರುವ ಜಾಗ ಅದು, ಸಾಲದೆ ಇಂಗ್ಲಿಷಿನಲ್ಲಿ ಐದೇ ಅಕ್ಷರ.

ಅರ್ಜಿ ತುಂಬುವ ಕೆಲಸ ಶುರುವಾಯಿತು. ಭಾಷೆ, ಕನ್ನಡ. ಬರೆದವರು, ಶಂಕರಮ್ಮ. ಹಾಡಿನಲ್ಲಿ ಅಶ್ಲೀಲ ಪದಗಳಿವೆಯೇ?

"ಕಂಡಕ್ಟರ್‌ನ 'ಬೋಳಿಮಗ' ಅಂದೀನಲ್ಲ, ಮೂರನೇ ನುಡೀಲಿ. ಅದು ಬರ್ಕಳದಾ?"

"ಅದು ಪ್ರೀತಿಗೆ ಅಂದಿದ್ದು ಅತ್ತೆ. ಇಲ್ಲ ಅಂತ ಹಾಕ್ತೀನಿ."

ಚಿತ್ರಕ್ಕೆ ಕೆಂಚನನ್ನೇ ಬಸ್ಸಿನ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಅದು ಮರುದಿನವೇ ತಿರಸ್ಕೃತವಾಗಿ ಬಂತು. ಬಸ್ಸಿನ ಮೇಲೆ ಬರೆದಿದ್ದ ಫೋನ್ ನಂಬರ್ ಚಿತ್ರದಲ್ಲಿ ಬಿದ್ದಿದೆ, ಫೋನ್ ನಂಬರ್ ಇರಕೂಡದು. ಎರಡನೆಯ ಸಲ ಕೆಂಚ ತಲೆಯಾಡಿಸಿ ಚಿತ್ರ ಮಂಜಾಯಿತು. ಮೂರನೆಯ ಸಲ ಶಂಕರಮ್ಮನ ಗಂಡ ಈರಭದ್ರಪ್ಪ ಟಗರಿನ ಕೊಂಬು ಹಿಡಿದುಕೊಂಡು ಅದರ ಬೆನ್ನ ಹಿಂದೆ ಅಡಗಿ ಕೂತ. ಅವನ ರುಮಾಲಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಅದು ಪಾಸಾಯಿತು.

ಕೊನೆಯಲ್ಲಿ ಒಂದು ಪ್ರಶ್ನೆ ಬಂತು. 'ಹಟ್ಟಿ ಎಂಬ ಕಲಾವಿದರು ಸಿಕ್ಕಿದ್ದಾರೆ. ಇದು ನೀವೇನಾ?' ಆಧಾರ್ ನಂಬರ್ ಹೊಡೆದರೆ ಹೆಸರು ತಾನಾಗಿ ಬಂದು ನಿಲ್ಲುವುದಿಲ್ಲವೇ, ಇದೂ ಹಾಗೇ ಇರಬೇಕು ಅಂದುಕೊಂಡು ಅನುಷಾ 'ಹೌದು' ಒತ್ತಿದಳು.

ಹಾಡು ಶುಕ್ರವಾರ ಬೆಳಿಗ್ಗೆ ಬಿಡುಗಡೆಯಾಯಿತು. ಶಂಕರಮ್ಮ ತಲೆಗೆ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಸೊಸೆಯ ಅಂಗಡಿಯಲ್ಲಿ ಬಂದು ಕೂತಳು. ಅನುಷಾ ಆ್ಯಪಿನಲ್ಲಿ ಹೆಸರು ಹುಡುಕಿದಳು. ಮೊದಲು ಕಂಡದ್ದು ಹಿಮ ತುಂಬಿದ ಬೆಟ್ಟದ ಫೋಟೊ. ಅಲಂಕಾರಕ್ಕೆ ಆ್ಯಪಿನವರೇ ಹಾಕಿರಬೇಕು ಅಂದುಕೊಂಡಳು. ಅದರ ಕೆಳಗೇ ಕೆಂಚನ ಮೂತಿ. ಪಕ್ಕದಲ್ಲಿ ಒಂದು ಸಂಖ್ಯೆ.

ಅನುಷಾ ಎದ್ದು ನಿಂತಳು. ಕೂತಳು. ಮತ್ತೆ ಎದ್ದು ನಿಂತಳು.

"ಅತ್ತೆ. ತಿಂಗಳ ಕೇಳುಗರು ಮೂರು ಲಕ್ಷದ ಹನ್ನೆರಡು ಸಾವಿರ."

"ಯಾರ್ದು?"

"ನಿಮ್ದು!"

ಶಂಕರಮ್ಮ "ಬೆಳಿಗ್ಗೆಯಿಂದ್ಲಾ?" ಎಂದಳು. ಆಮೇಲೆ ಅಂಗಡಿಯಿಂದ ರಸ್ತೆಗಿಳಿದು, ಎದುರಿಗೆ ಸಿಕ್ಕ ಹೆಂಗಸನ್ನು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿಬಿಟ್ಟಳು. ಆ ಹೆಂಗಸು ವೃದ್ಧಾಪ್ಯ ವೇತನ ವಿಚಾರಿಸಲು ಬಂದವಳು. ಏನಾಯಿತೆಂದು ತಿಳಿಯದಿದ್ದರೂ ಅವಳೂ ಕೇಕೆ ಹಾಕಿದಳು.

ಅವತ್ತು ಯಗಟಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಹಾಲೇಶ್ ಬಸ್ಸಿನಲ್ಲಿ ಬೇರೆ ಹಾಡು ಹಾಕಲೇ ಇಲ್ಲ. ಕೂಗು ಬಂದಾಗಲೆಲ್ಲ ಜನರೂ ಕೂಗುತ್ತಿದ್ದರು. ಕಡೂರಿನಲ್ಲಿ ಹತ್ತಿದವರು ಬಸ್ಸಿಗೆ ಏನೋ ಹುಚ್ಚು ಹಿಡಿದಿದೆಯೆಂದು ಬಾಗಿಲಲ್ಲೇ ನಿಂತರು. ಕೆಂಚನಿಗೆ ಯಾರೋ ಚೆಂಡುಹೂವಿನ ಹಾರ ಹಾಕಿದರು, ಅದು ಹಾರವನ್ನು ತಿಂದಿತು. ಇನ್ನೊಂದು ಹಾಕಿದರು, ಅದನ್ನೂ ತಿಂದಿತು.

ಮಧ್ಯಾಹ್ನ ಶಂಕರಮ್ಮ ದೇವನೂರಿಗೆ ಫೋನ್ ಮಾಡಿದಳು.

"ಅಕ್ಕಯ್ಯ, ನಿನ್ನ ಕ್ಯಾಸೆಟ್ಟು ಎಷ್ಟು ಜನ ಕೇಳಿರ್ಬೋದು?"

"ಯಾಕೇ? ಬೇಕಾದಷ್ಟು ಜನ ಕೇಳವ್ರೆ."

"ನಂದು ಮೂರು ಲಕ್ಷ."

ತೀರ್ಥಮ್ಮ ಆ ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಹೇಳಿದಳು: "ಸೋಮಾರ ಬತ್ತೀನಿ. ಕಣ್ಣಲ್ಲಿ ನೋಡ್ದೆ ನಾನು ನಂಬಾಕಿಲ್ಲ."

ಭಾನುವಾರ ಬೆಳಿಗ್ಗೆ ಸಾಂಗ್‌ಬಂಡಿಯವರ ಮೂಲಕ ಅನುಷಾಳಿಗೆ ಒಂದು ಮೇಲ್ ಬಂತು. ಬರೆದವಳು ನಾರ್ವೆ ದೇಶದ ರಾಗ್ನಿಲ್ಡ್ ಎಂಬ ಹೆಂಗಸು. ಅನುಷಾ ಇಂಗ್ಲಿಷಿನಲ್ಲಿದ್ದ ಅದನ್ನು ಓದುತ್ತ ಓದುತ್ತ ಬೆವತುಹೋದಳು.

'ಪ್ರಿಯ ಹಟ್ಟಿಯವರೇ, ನಾನೂ ಹಟ್ಟಿ. ಅದು ನಮ್ಮೂರ ಹತ್ತಿರದ ಒಂದು ಬೆಟ್ಟದ ಹೆಸರು. ಹನ್ನೆರಡು ವರ್ಷದಿಂದ ಆ ಹೆಸರಿನಲ್ಲಿ ಪಿಯಾನೋ ನುಡಿಸುತ್ತಿದ್ದೇನೆ. ನಿದ್ದೆ ಬಾರದವರಿಗಾಗಿ ನುಡಿಸುತ್ತೇನೆ. ನಿಮ್ಮ ಹಾಡು ತಪ್ಪಿ ನನ್ನ ಪುಟಕ್ಕೆ ಬಂದಿದೆ. ನನ್ನ ಕೇಳುಗರಿಗೆಲ್ಲ ಅದು ನನ್ನ ಹೊಸ ಹಾಡೆಂದು ತಾನಾಗಿ ಹೋಗಿದೆ. ಅವರು ನನ್ನ ಪಿಯಾನೋ ಕೇಳುತ್ತ ಕಣ್ಣು ಮುಚ್ಚುತ್ತಾರೆ. ಆಗ ನೀವು ಕೂಗುತ್ತೀರಿ.'

ಅನುಷಾ ಪುಟವನ್ನು ಕೊನೆಗೂ ಕೆಳಗೆ ಎಳೆದು ನೋಡಿದಳು. ಕೆಂಚನ ಕೆಳಗೆ ಹದಿನಾಲ್ಕು ಪಿಯಾನೋ ಹಾಡುಗಳು ಸಾಲಾಗಿ ಮಲಗಿದ್ದವು. ಮೂರು ಲಕ್ಷ ಜನ ಅವುಗಳಿಗೆ ಬಂದವರು. 'ಇದು ನೀವೇನಾ' ಎಂಬ ಪ್ರಶ್ನೆಯ ಅರ್ಥ ಈಗ ಹೊಳೆಯಿತು. ಅವಳ ಕೈಯಿಂದ ಹೋದ ಮೊದಲ ತಪ್ಪು ಅರ್ಜಿ, ಅದೂ ಅತ್ತೆಯದು. ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ನಡೆಯುವಾಗ ದಾರಿಯಲ್ಲಿ ಮೂರು ಜನ ಅವಳನ್ನು ಅಭಿನಂದಿಸಿದರು. ಅವಳಿಗೆ ಅಳು ಬಂತು.

ಶಂಕರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಹಾಲೇಶ್ ರಜೆಯೆಂದು ಜಗಲಿಯಲ್ಲಿ ಒರಗಿದ್ದ. ಅನುಷಾ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

ಶಂಕರಮ್ಮ ಮೊರ ಕೆಳಗಿಟ್ಟಳು. "ಅಂದ್ರೆ ನನ್ನ ಹಾಡಿನ ಖಾತೆ ಬೇರೆಯೋರ ಹೆಸ್ರಿಗೆ ಕೂತ್ಕಂಡೈತೆ."

"ಹೂಂ ಅತ್ತೆ. ನಂದೇ ತಪ್ಪು."

"ಆ ಮೂರು ಲಕ್ಷ ಜನ?"

"ಆಯಮ್ಮಂದು. ರಾಗ್ನಿಲ್ಡ್ ಅಂತ."

"ರಾಗಮ್ಮ" ಎಂದು ಶಂಕರಮ್ಮ ತನಗೆ ಬಂದಂತೆ ತಿದ್ದಿಕೊಂಡಳು. "ಇನ್ನೇನು ಬರ್ದವಳೆ ರಾಗಮ್ಮ? ಪೂರ್ತಿ ಹೇಳು."

ಅನುಷಾ ಮೂಗು ಒರೆಸಿಕೊಂಡು ಓದಿ ಹೇಳಿದಳು. ಒಬ್ಬ ವಕೀಲರು ಮಂಚದಿಂದ ಕೆಳಗೆ ಬಿದ್ದಿದ್ದಾರೆ, ಪೆಟ್ಟಾಗಿಲ್ಲ. ಒಬ್ಬರ ನಾಯಿ ಎರಡು ದಿನದಿಂದ ಮನೆಯ ಮೂಲೆಮೂಲೆಯಲ್ಲಿ ಕುರಿ ಹುಡುಕುತ್ತಿದೆ. ಯೋಗ ಹೇಳಿಕೊಡುವ ಒಬ್ಬಳು ಇಪ್ಪತ್ತು ಜನರನ್ನು ಶವಾಸನದಲ್ಲಿ ಮಲಗಿಸಿ ಹಾಡು ಹಾಕಿದ್ದಾಳೆ. ಇಪ್ಪತ್ತೂ ಜನ ಒಟ್ಟಿಗೆ ಎದ್ದು ನಿಂತಿದ್ದಾರೆ.

ಶಂಕರಮ್ಮನ ಭುಜ ಅಲುಗತೊಡಗಿತು. ಅತ್ತೆ ಅಳುತ್ತಿದ್ದಾಳೆಂದು ಅನುಷಾ ಗಾಬರಿಯಾಗಿ ಹತ್ತಿರ ಹೋದಳು. ಶಂಕರಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ತಡೆಯಲಾಗದೆ ನಗು ಒಡೆದು ಬಂತು. "ಶವಾಸನ!" ಎನ್ನುತ್ತ ರಾಗಿಯ ರಾಶಿಯ ಪಕ್ಕವೇ ಒರಗಿಬಿಟ್ಟಳು. ಹಾಲೇಶ್ ಜಗಲಿಯಿಂದ ಇಳಿದು ನೀರು ತಂದುಕೊಟ್ಟರೆ, ಕುಡಿಯುವಾಗ ಮತ್ತೆ ವಕೀಲರು ನೆನಪಾಗಿ ನೀರೆಲ್ಲ ಅವನ ಅಂಗಿಯ ಮೇಲಾಯಿತು. ಅನುಷಾಳ ಅಳುವೂ ಎಲ್ಲೋ ಹೋಯಿತು.

ನಗು ಇಳಿದ ಮೇಲೆ ಹಾಲೇಶನಿಗೆ ನಾಳೆಯ ಯೋಚನೆ ಬಂತು.

"ಅವ್ವಾ, ನಾಳೆ ದೊಡ್ಡಮ್ಮ ಬತ್ತಾಳೆ. ಒಂದ್ಕೆಲ್ಸ ಮಾಡಣ. ಇವತ್ತು ಏನೂ ಮುಟ್ಟದು ಬ್ಯಾಡ. ನಾಳೆ ಅವ್ಳಿಗೆ ಮೂರು ಲಕ್ಷ ತೋರ್ಸಣ. ಮಂಗಳವಾರ ಖಾತೆ ಬದಲಾಯ್ಸಿದ್ರಾತು. ಒಂದಿನಕ್ಕೆ ಏನಾಗುತ್ತೆ?"

ಅನುಷಾ ಅತ್ತೆಯ ಮುಖ ನೋಡಿದಳು. ಅವಳಿಗೂ ಮನಸ್ಸಿನಲ್ಲಿ ಅದೇ ಇತ್ತು. ಶಂಕರಮ್ಮನಿಗೆ ಆಸೆಯಾಗಲಿಲ್ಲ ಎನ್ನುವಂತಿಲ್ಲ. ಮೊರವನ್ನು ತೆಗೆದುಕೊಂಡು ಎರಡು ಸಲ ಕೇರಿದಳು. ಗಾಳಿಗೆ ಹೊಟ್ಟು ಹಾರಿತು. ಅಕ್ಕನ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡಳೇನೋ, ತುಟಿಯಲ್ಲಿ ಒಂದು ಕಿರುನಗೆ ಬಂದುಹೋಯಿತು.

"ಆ ಜನ ನಿದ್ದೆ ಮಾಡಿ ಎಷ್ಟು ದಿನ ಆತು?"

"ಶುಕ್ರವಾರದಿಂದ."

"ಬ್ಯಾಡ ಕಣೋ. ನಿದ್ದೆ ಬರ್ದೆ ಇರೋರು ಪಾಪ, ಏನೋ ಒಂದು ದಾರಿ ಕಂಡ್ಕಂಡವ್ರೆ. ಅವ್ರ ಕಿವೀಲಿ ನಾನು ಕೂಗ್ತಾ ಕೂತಿರದಾ? ಅನೂ, ಇವತ್ತೇ ಬದಲಾಯ್ಸು. ಹಂಗೇ ಹೆಸ್ರೂ ಬದಲಾಯ್ಸು. ಹಟ್ಟಿನೂ ಬ್ಯಾಡ, ಗಿಟ್ಟಿನೂ ಬ್ಯಾಡ. ಯಗಟಿ ಶಂಕರಮ್ಮ ಅಂತ ಹಾಕು."

ಅನುಷಾ ಅಂಗಡಿಗೆ ವಾಪಸ್ ಹೋಗಿ ಸಾಂಗ್‌ಬಂಡಿಗೆ ತಿದ್ದುಪಡಿ ಅರ್ಜಿ ಹಾಕಿದಳು. ಪ್ರತಿ ಸಾಲನ್ನೂ ಮೂರು ಸಲ ಓದಿದಳು. ರಾಗ್ನಿಲ್ಡಳಿಗೆ ಕ್ಷಮೆ ಕೇಳಿ ಮೇಲ್ ಬರೆದಳು. ಅದರ ಜೊತೆ ಹೋಗಲಿ ಎಂದು ಶಂಕರಮ್ಮ ಮನೆಯಿಂದ ಫೋನ್ ಮಾಡಿ ಹೇಳಿ ಬರೆಸಿದಳು: "ರಾಗಮ್ಮಾ, ತೆಪ್ಪಾತು ಕಣಮ್ಮ. ಬೇಕು ಅಂತ ಮಾಡ್ಲಿಲ್ಲ. ಆ ವಕೀಲ್ರು ಹುಷಾರಾಗವ್ರಾ? ಅವ್ರ ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಕೆ ಹೇಳು." ಅನುಷಾ ಅದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು, ಎಣ್ಣೆಯನ್ನೂ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಹಾಡು ಹೊಸ ಪುಟಕ್ಕೆ ಬಂದಿತ್ತು. ಯಗಟಿ ಶಂಕರಮ್ಮ ಎಂದು ಸರಿಯಾಗಿ ಬರೆದಿತ್ತು. ಕೇಳುಗರ ಸಂಖ್ಯೆ ಇರಬೇಕಾದ ಕಡೆ ಒಂದು ಅಡ್ಡಗೆರೆ ಇತ್ತು.

ಹನ್ನೊಂದು ಗಂಟೆಯ ಬಸ್ಸಿಗೆ ತೀರ್ಥಮ್ಮ ಇಳಿದಳು. ರೇಷ್ಮೆ ಸೀರೆ, ಹೊಸ ಕನ್ನಡಕ, ಕೈಯಲ್ಲಿ ಕಡೂರಿನಿಂದ ತಂದ ಮೈಸೂರ್ ಪಾಕಿನ ಪೊಟ್ಟಣ. ಕೂರುವುದಕ್ಕೂ ಮೊದಲೇ ಕೈ ಚಾಚಿದಳು.

"ಎಲ್ಲಿ, ತೋರ್ಸು ಮೂರು ಲಕ್ಷ."

"ಇಲ್ಲ ಅಕ್ಕಯ್ಯ. ಹೋಯ್ತು."

"ಎಲ್ಲಿಗೆ?"

"ನಾರ್ವೆಗೆ" ಎಂದು ಶಂಕರಮ್ಮ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಊಟದ ಪಂಕ್ತಿಯಲ್ಲಿ ಆದ ಅವಮಾನವನ್ನೂ ಬಿಡಲಿಲ್ಲ. "ನೀನು ಕುರಿ ಕೂಗ್ತಾಳೆ ಅಂದ್ಯಲ್ಲ, ಅದ್ಕೇ ಕೂಗ್ದೆ. ಮೂರು ಲಕ್ಷ ಜನ ಕೇಳಿದ್ದು ನಿಜ. ಆದ್ರೆ ಯಾರ್ಗೂ ಬೇಕಾಗಿರ್ಲಿಲ್ಲ. ಈಗ ನನ್ನ ಖಾತೇಲಿ ಸೊನ್ನೆ."

ತೀರ್ಥಮ್ಮ ನಗುವಳೆಂದು ಅನುಷಾ ಕಾದಳು. ಅವಳು ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದಳು.

"ಶಂಕ್ರೀ, ಯಾರ್ಗೂ ಹೇಳ್ಬ್ಯಾಡ. ಆ ಕ್ಯಾಸೆಟ್ಟು ಐನೂರು ಮಾಡಿದ್ರು."

"ಗೊತ್ತು, ನೀನೇ ಹೇಳಿದ್ಯಲ್ಲ."

"ನಾಕ್ನೂರ ಹದಿನಾರು ನಮ್ಮನೆ ಅಟ್ಟದ ಮೇಲವೆ."

ಒಂದು ಗಳಿಗೆ ಅಕ್ಕತಂಗಿಯರು ಒಬ್ಬರನ್ನೊಬ್ಬರು ದಿಟ್ಟಿಸಿದರು. "ಮೂವತ್ತು ವರ್ಷದಿಂದ್ಲಾ?" ಎಂದಳು ಶಂಕರಮ್ಮ. "ಮೂವತ್ತೊಂದು. ಅಂಗಡಿಯೋನು ಬಾಗ್ಲು ಹಾಕ್ವಾಗ ಗಾಡೀಲಿ ತಂದು ಸುರಿದೋದ. ಇಲಿಗಳು ಟೇಪ್ ಎಳ್ಕಂಡು ಗೂಡು ಕಟ್ಕಂಡವೆ." ಅಷ್ಟು ಹೇಳುವಷ್ಟರಲ್ಲಿ ತೀರ್ಥಮ್ಮನ ದನಿ ನಡುಗಿತು, ತುಟಿ ಸೊಟ್ಟಗಾಯಿತು. ಶಂಕರಮ್ಮ ಕಿಸಕ್ ಎಂದಳು. ಮುಂದಿನ ಹದಿನೈದು ನಿಮಿಷ ಆ ಮನೆಯಲ್ಲಿ ಯಾರೂ ಒಂದು ಮಾತನ್ನೂ ಪೂರ್ತಿ ಆಡಲು ಆಗಲಿಲ್ಲ. "ಇಲಿ…" ಎಂದು ಒಬ್ಬಳು ಶುರುಮಾಡಿದರೆ ಇನ್ನೊಬ್ಬಳು ಅವಳ ತೊಡೆಗೆ ಗುದ್ದುತ್ತಿದ್ದಳು. ಕುರಿ ಹೊಡೆದುಕೊಂಡು ಹೊರಟಿದ್ದ ಈರಭದ್ರಪ್ಪ ಬಾಗಿಲಲ್ಲಿ ನಿಂತು ಇಣುಕಿ, "ಏನಾತೇ?" ಎಂದು ಕೇಳಿದ. ಯಾರೂ ಉತ್ತರ ಕೊಡದಿದ್ದಾಗ ಮೈಸೂರ್ ಪಾಕಿನ ಒಂದು ಚೂರು ಬಾಯಿಗೆ ಹಾಕಿಕೊಂಡು ಹೋದ.

ಹತ್ತು ದಿನ ಕಳೆದ ಮೇಲೆ ರಾಗ್ನಿಲ್ಡಳ ಇನ್ನೊಂದು ಮೇಲ್ ಬಂತು. ಅನುಷಾ ಎದೆ ಗಟ್ಟಿ ಮಾಡಿಕೊಂಡು ತೆರೆದಳು. ನಿದ್ದೆಯೆಲ್ಲ ಸರಿಯಾಗಿದೆ, ವಕೀಲರು ಎಣ್ಣೆಗೆ ವಂದನೆ ಹೇಳಿದ್ದಾರೆ. ಆದರೆ ಈಗ ಬೇರೆಯೇ ತೊಂದರೆ: ಕುರಿಯವರು ಎಲ್ಲಿ ಹೋದರು ಎಂದು ಜನ ಕೇಳುತ್ತಿದ್ದಾರೆ. ನಿದ್ದೆಯ ಹೊತ್ತಿಗೆ ಬೇಡ, ಏಳುವ ಹೊತ್ತಿಗೆ ಬೇಕು ಎನ್ನುತ್ತಿದ್ದಾರೆ. ಅದಕ್ಕೇ ಅವಳು ಬೆಳಿಗ್ಗೆ ಏಳುವವರಿಗಾಗಿ ಹಾಡುಗಳದೊಂದು ಪಟ್ಟಿ ಮಾಡಿದ್ದಾಳೆ. ಮೊದಲನೆಯ ಹಾಡು ಯಗಟಿ ಶಂಕರಮ್ಮನದು. ತಮ್ಮ ಅಭ್ಯಂತರವಿಲ್ಲ ತಾನೇ?

"ನಂದ್ಯಾತರ ಅಭ್ಯಂತರ" ಎಂದಳು ಶಂಕರಮ್ಮ. "ಎಬ್ಬಿಸ್ಲಿ, ಎಬ್ಬಿಸ್ಲಿ."

ಅಡ್ಡಗೆರೆಯ ಜಾಗದಲ್ಲಿ ಮೊದಲು ನಲವತ್ತು ಬಂತು, ಆಮೇಲೆ ಒಂಬೈನೂರು. ತಿಂಗಳ ಕೊನೆಗೆ ಹದಿನೇಳು ಸಾವಿರ ದಾಟಿತು. ಅನುಷಾ ಈ ಸಲ ಕುಣಿಯುವ ಮೊದಲು ಪುಟವನ್ನು ಮೇಲಿನಿಂದ ಕೆಳಗೆ ಎಳೆದು, ಹೆಸರು, ಚಿತ್ರ, ಹಾಡು, ಎಲ್ಲವನ್ನೂ ಬೆರಳಿಟ್ಟು ನೋಡಿದಳು. ಎಲ್ಲವೂ ಅತ್ತೆಯದೇ ಎಂದು ಖಾತ್ರಿಯಾದ ಮೇಲೆ ಅಂಗಡಿಯಲ್ಲಿ ಒಬ್ಬಳೇ, ಪ್ರಿಂಟರಿನ ಪಕ್ಕದಲ್ಲಿ, ಮನದಣಿಯೆ ಕುಣಿದಳು.

ಎರಡನೆಯ ಹಾಡು ಅಕ್ಕತಂಗಿಯರಿಬ್ಬರದೂ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಸೋಬಾನೆಯ ಧಾಟಿ ತೀರ್ಥಮ್ಮನದು, ಮಾತು ಶಂಕರಮ್ಮನದು. ಗಂಡಿನ ಕಡೆಯವರು ಮದುವೆಗೆ ಬರುವಾಗ ದಾರಿ ತಪ್ಪಿ ಬೇರೆ ಮದುವೆಯಲ್ಲಿ ಊಟ ಮಾಡಿ ಹೋದ ಕತೆ. ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಅರ್ಜಿಯ ವಿಷಯ ಬಂತು.

"ಮುಖ್ಯ ಗಾಯಕಿ ಯಾರು ಅಂತ ಕೇಳ್ತಾರೆ" ಎಂದಳು ಅನುಷಾ.

"ನಾನು ದೊಡ್ಡೋಳು" ಎಂದಳು ತೀರ್ಥಮ್ಮ.

"ನಂಗೆ ಹದಿನೇಳು ಸಾವ್ರ ಜನ ಅವ್ರೆ" ಎಂದಳು ಶಂಕರಮ್ಮ.

"ಇಬ್ರನ್ನೂ ಹಾಕ್ಬೋದು. ನಾನು ಓದಿ ನೋಡೀನಿ, ಸರಿಯಾಗಿ."

ರುದ್ರಮೂರ್ತಿ ಈ ಸಲ ಅಂಗಡಿಯ ಮುಂಬಾಗಿಲನ್ನು ಹಾಕಿ ಚಿಲಕ ಜಡಿದ. ಇಬ್ಬರನ್ನೂ ಕೌದಿಗಳ ನಡುವೆ ಎದುರುಬದುರು ನಿಲ್ಲಿಸಿ ಕೈ ಎತ್ತಿ ಸನ್ನೆ ಮಾಡಿದ. ತೀರ್ಥಮ್ಮ ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಎತ್ತಿದಳು. ಇಷ್ಟು ವರ್ಷವಾದರೂ ದನಿ ಸ್ವಲ್ಪವೂ ಮುಕ್ಕಾಗಿರಲಿಲ್ಲ, ತಣ್ಣಗೆ ನೇರವಾಗಿ ಹೋಗಿ ಎದೆಗೆ ತಾಗುವಂಥದು. ಅನುಷಾಳ ಮೈ ಜುಮ್ಮೆಂದಿತು. ಎರಡನೆಯ ಸಾಲಿನಲ್ಲಿ ಗಂಡಿನ ಸೋದರಮಾವ ಬೇರೆಯವರ ಪಾಯಸಕ್ಕೆ ಕೈ ಹಾಕುವ ಮಾತು. ಅದನ್ನು ಹಾಡಬೇಕಾದ ಶಂಕರಮ್ಮ ಅಕ್ಕನ ಮುಖ ನೋಡಿದಳು, ಅಕ್ಕ ತಂಗಿಯ ಮುಖ ನೋಡಿದಳು, ಅಲ್ಲಿಗೆ ಮುಗಿಯಿತು.

ಎರಡನೆಯ ಸಲವೂ ಪಾಯಸದ ಹತ್ತಿರವೇ ನಿಂತಿತು. ಮೂರನೆಯ ಸಲ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು ನೋಡಿದರು. ಬೆನ್ನುಗಳೇ ಅಲುಗಿ ಅಲುಗಿ ಒಂದಕ್ಕೊಂದು ತಗುಲಿ ಮತ್ತೆ ನಗು. ಏಳನೆಯ ಸಲಕ್ಕೆ ರುದ್ರಮೂರ್ತಿಯೇ ಮೊದಲು ನಕ್ಕ.

"ಅಮ್ಮಂದ್ರಾ, ಸಂಜೆ ನಂಗೆ ಲಿಂಗದಹಳ್ಳೀಲಿ ಮೈಕ್ ಹಾಕೋದೈತೆ" ಎಂದು ಅವನು ಕೈ ಮುಗಿದ.

"ಹಾಕೀಯಂತೆ ಇರಪ್ಪಾ, ಏನವಸ್ರ" ಎಂದಳು ತೀರ್ಥಮ್ಮ, ಕಣ್ಣೊರೆಸಿಕೊಳ್ಳುತ್ತ. "ಲೇ ಶಂಕ್ರೀ, ಈ ಸಲ ನೀನು ಗೋಡೆ ನೋಡು, ನಾನು ಅನುಷನ್ನ ನೋಡ್ತೀನಿ. ಹೂಂ, ಹಾಕಪ್ಪಾ ಮತ್ತೆ."